ಧೋತರದ ವಾಸನೆ

ಚಿದ್ರಿ, ಬೀದರ
೧೪ ಮಾರ್ಚ್ ೨೦೨೪, ಗುರುವಾರ

ಕರ್ತನಲ್ಲಿ ಪ್ರಿಯ ತಮ್ಮ ಉತ್ತಮನಿಗೆ,

ನಿನ್ನ ಅಕ್ಕ ಅನುಸೂಯಾಬಾಯಿ ಮಾಡುವ ವಂದನೆಗಳು. ಮೇಲೆ ‘ಪ್ರಿಯ’ ಎಂದಿರುವುದನ್ನು ನೋಡಿ ಹಿಗ್ಗಬೇಡ. ಹಾಗೆಯೇ ಶುರು ಮಾಡಬೇಕೆಂದು ನಮ್ಮ ಹಲಬರ್ಗಾ ಸಭೆಯ ಪಾಸ್ಟರ್ ಕಾಶೀರಾಮ ಅವರು ಹೇಳಿದ್ದಾರೆ, ಅದಕ್ಕೇ ಬರೆದಿದ್ದೇನೆ. ನನ್ನ ಕೈಯಲ್ಲಿದ್ದರೆ ಬೇರೆ ಮಾತಿನಿಂದ ಶುರು ಮಾಡುತ್ತಿದ್ದೆ. ನೀನು ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ವಿಡಿಯೋದಲ್ಲಿ ಮೈಕೈ ತುಂಬಿಕೊಂಡು ಕಾಣುತ್ತೀ, ಗಂಟಲೂ ಚೆನ್ನಾಗಿ ತೆರೆದಿದೆ. ಸಪನಾಳ ಮಂಡಿನೋವು ಹೇಗಿದೆ? ನಿನ್ನ ಹೆಂಡತಿಯ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಫೋನು ಎತ್ತುವುದಿಲ್ಲ ಎನ್ನುವುದೊಂದನ್ನು ಬಿಟ್ಟರೆ. ನೀನಂತೂ ನನ್ನ ನಂಬರನ್ನೇ ಬ್ಲಾಕ್ ಮಾಡಿ ಕುಳಿತಿದ್ದೀ. ಇರಲಿ. ಫೋನಿನಲ್ಲಿ ಬೈದರೆ ಕಟ್ ಮಾಡುತ್ತೀ, ವಿಡಿಯೋದ ಕೆಳಗೆ ಬರೆದರೆ ಅಳಿಸುತ್ತೀ. ಕಾಗದವನ್ನು ಏನು ಮಾಡುತ್ತೀಯೋ ನೋಡೋಣ. ಅಪ್ಪ ಆರಾಮವಾಗಿದ್ದಾನೆ. ಹಾಗೆ ಬರೆಯಲು ಅಪ್ಪನೇ ಹೇಳಿದ್ದಾನೆ, ಬರೆದಿದ್ದೇನೆ.

ಈಗ ನನ್ನ ಮಾತಿಗೆ ಬರುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ನನಗೆ ಬೀದರ–ಔರಾದ–ಚಿಂತಾಕಿ ರೂಟಿನ ಡ್ಯೂಟಿ ಇತ್ತು. ಡ್ರೈವರ್ ನಮ್ಮ ಊರಿನ ಜಹೀರೋದ್ದೀನ. ಔರಾದ ದಾಟಿದ ಮೇಲೆ ಟಿಕೆಟ್ ಕೊಡುತ್ತ ಹಿಂದೆ ಹೋಗುತ್ತಿದ್ದೆ. ಆಗ ನಿನ್ನ ದನಿ ಕೇಳಿಸಿತು. ನನ್ನ ಬಸ್ಸಿನಲ್ಲಿ ನನ್ನ ತಮ್ಮ ಎಲ್ಲಿಂದ ಬಂದನೆಂದು ಗಾಬರಿಯಾಗಿ ಕಂಬಿ ಹಿಡಿದು ನಿಂತೆ. ನೋಡಿದರೆ ಚಿಂತಾಕಿಯ ಮೂವರು ಹೆಣ್ಣುಮಕ್ಕಳು ಒಂದು ಫೋನಿನ ಮೇಲೆ ಬಗ್ಗಿ ಕುಳಿತಿದ್ದರು. ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಫೋನನ್ನು ನನ್ನ ಕಡೆ ತಿರುಗಿಸಿದಳು. “ನೋಡ್ರಿ ಅಕ್ಕಾರ, ಎಷ್ಟ ಚೆಂದ ಸಾಕ್ಷಿ ಹೇಳ್ತಾರ. ಇವರಪ್ಪ ಭಾಳ ಕುಡಕ ಇದ್ನಂತ್ರಿ,” ಎಂದಳು. ನೀನು ಪುಣೆಯ ನಿನ್ನ ಪ್ರಾರ್ಥನಾ ಮಂದಿರದಲ್ಲಿ ಬಿಳಿ ಅಂಗಿ ಹಾಕಿಕೊಂಡು, ಮೈಕು ಹಿಡಿದು ಹೇಳುತ್ತಿದ್ದೆ. ಅಪ್ಪ ದಿನಾ ಕುಡಿದು ಬರುತ್ತಿದ್ದನಂತೆ. ಅಪ್ಪನ ಧೋತರದಿಂದ ಹೆಂಡದ ವಾಸನೆ ಬರುತ್ತಿತ್ತಂತೆ. ಅವ್ವ ಹೊಡೆತ ತಾಳಲಾರದೆ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಅಡಗಿ ಕೂರುತ್ತಿದ್ದಳಂತೆ. ಅಂಥ ಕತ್ತಲೆಯ ಮನೆಯಿಂದ ಕರ್ತನು ನಿನ್ನನ್ನು ಎತ್ತಿ ತಂದನಂತೆ. ಸಾವಿರ ಜನ ಆಮೆನ್ ಎಂದರು. ನಾನು ಆ ಹೆಣ್ಣುಮಗಳಿಗೆ ಔರಾದದಿಂದ ಚಿಂತಾಕಿಗೆ ಕೊಡುವ ಟಿಕೆಟ್ ಬದಲು ಬೀದರದಿಂದ ಹರಿದುಕೊಟ್ಟೆ. ಹದಿನೇಳು ವರ್ಷದ ಸರ್ವಿಸಿನಲ್ಲಿ ಅಂಥ ತಪ್ಪು ಮಾಡಿದವಳಲ್ಲ.

ಉತ್ತಮ, ನಮ್ಮ ಮನೆಯಲ್ಲಿ ಕತ್ತಲೆ ಇತ್ತೇನೋ? ಕರೆಂಟ್ ಹೋದಾಗ ಇದ್ದ ಕತ್ತಲೆಯನ್ನು ಬಿಟ್ಟರೆ ನನಗೆ ಯಾವುದೂ ನೆನಪಿಲ್ಲ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ, ಅದಕ್ಕೇ ಮೈ ಇನ್ನೂ ಹೆಚ್ಚು ಉರಿಯುತ್ತದೆ. ಅಲ್ಲಿ ಸಾಕ್ಷಿಗೆ ನಿಂತವರೆಲ್ಲ ಹಿಂದೆ ಕಳ್ಳರಾಗಿದ್ದೆವು, ಜೂಜುಕೋರರಾಗಿದ್ದೆವು, ಈಗ ಹೀಗಾದೆವು ಎನ್ನುತ್ತಾರೆ. ನಿನಗೆ ಹೇಳಲು ಏನಿತ್ತು? ಅಜ್ಜನ ಕಾಲದಿಂದ ವಿಶ್ವಾಸಿಗಳ ಮನೆ, ಸಂಡೇ ಸ್ಕೂಲಿನಲ್ಲಿ ಎರಡನೇ ಬಹುಮಾನ, ಎಸ್ಸೆಸ್ಸೆಲ್ಸಿಯಲ್ಲಿ ಒಮ್ಮೆ ಫೇಲು. ಇಷ್ಟು ಹೇಳಿದರೆ ಯಾರು ಅಳುತ್ತಾರೆ? ಒಳ್ಳೆಯ ಮನೆಯಲ್ಲಿ ಹುಟ್ಟಿದ್ದು ನಿನಗೆ ನಾಚಿಕೆಯಾಗಿ ಕಾಣಿಸಿತು. ಅದಕ್ಕೆ ಅಪ್ಪನಿಗೆ ಕುಡಿಸಿದೆ.

ಕುಡಿಸಿದ್ದಾದರೂ ಯಾರಿಗೆ? ಸಭೆಯಲ್ಲಿ ರೊಟ್ಟಿ ಮುರಿದು ಬಟ್ಟಲು ಹಂಚುವ ಕರ್ತನ ಭೋಜನಕ್ಕೆ ನಲವತ್ತು ವರ್ಷ ದ್ರಾಕ್ಷಿ ರಸ ತಯಾರಿಸಿದ ಮನುಷ್ಯನಿಗೆ. ತಿಂಗಳ ಮೊದಲ ಶನಿವಾರ ಬಂತೆಂದರೆ ಅಪ್ಪ ಊರಿನ ನೀರು ಬಿಡುವ ಕೆಲಸ ಮುಗಿಸಿ, ಭಾಲ್ಕಿಗೆ ಹೋಗಿ ಕರಿ ದ್ರಾಕ್ಷಿ ತರುತ್ತಿದ್ದ. ಸೀಸನ್ ಇಲ್ಲದಿದ್ದರೆ ಒಣ ದ್ರಾಕ್ಷಿ ನೆನೆಹಾಕುತ್ತಿದ್ದ. ಸಭೆಯ ಅಂಗಳದಲ್ಲೇ ಕುದಿಸಿ, ಹಿಸುಕಿ, ತನ್ನ ಮದುವೆಯ ಧೋತರದಲ್ಲಿ ಸೋಸುತ್ತಿದ್ದ. ಸಬಕಾರದ ವಾಸನೆ ರಸಕ್ಕೆ ಇಳಿಯುತ್ತದೆಂದು ಆ ಧೋತರಕ್ಕೆ ಒಂದು ದಿನವೂ ಸಬಕಾರ ಮುಟ್ಟಿಸಲಿಲ್ಲ, ಬಿಸಿನೀರಿನಲ್ಲಿ ಜಾಲಾಡಿಸಿ ಹೆಗಲಿಗೆ ಹಾಕಿಕೊಂಡು ಮನೆಗೆ ಬರುತ್ತಿದ್ದ. ಆ ವಾಸನೆ ಉತ್ತಮ, ನೀನು ಹೆಂಡ ಎಂದು ಹೇಳಿದ್ದು ಆ ವಾಸನೆ. ಗೊತ್ತಿಲ್ಲದೆ ಹೇಳಿದೆ ಎನ್ನಬೇಡ. ಧೋತರದ ಒಂದು ತುದಿ ನಾನು ಹಿಡಿಯುತ್ತಿದ್ದೆ, ಇನ್ನೊಂದು ತುದಿ ನೀನೇ ಹಿಡಿಯುತ್ತಿದ್ದೆ. ಒಂದು ಮೇ ತಿಂಗಳಲ್ಲಿ ಬಿಸಿಲಿಗೆ ರಸ ಹುಳಿತು ನೊರೆ ಬಂದಿತ್ತು. ಇನ್ನೇನು ಆರಾಧನೆ ಶುರುವಾಗಬೇಕು, ಅಪ್ಪ ಮೂಗಿನ ಹತ್ತಿರ ಹಿಡಿದು ನೋಡಿ ಪೂರಾ ಪಾತ್ರೆಯನ್ನು ಹುಣಸೆಮರದ ಬುಡಕ್ಕೆ ಸುರಿದ. ಸ್ವಲ್ಪ ಹುಳಿಯಾದರೆ ಏನಾಯಿತು ಎಂದು ಆಗಿನ ಪಾದ್ರಿಗಳೇ ಹೇಳಿದರೂ ಕೇಳಲಿಲ್ಲ. ನಮ್ಮ ಸಭೆಯಲ್ಲಿ ಮದ್ಯ ಬಳಸುವುದಿಲ್ಲವೆಂದ ಮೇಲೆ ಒಂದು ತೊಟ್ಟಾದರೂ ಅದು ಮದ್ಯವೇ ಎಂದ. ಆ ಭಾನುವಾರ ಬರೀ ರೊಟ್ಟಿ ಮುರಿದು ಭೋಜನ ಮುಗಿಸಿದೆವು. ಅಂಥವನಿಗೆ ನೀನು ಕುಡುಕನೆಂಬ ಹೆಸರು ಹಚ್ಚಿದೆ.

ಜೋಳದ ಗುಮ್ಮಿಯ ಹಿಂದೆ ಕೂತವಳು ಯಾರೆಂದೂ ನಿನಗೆ ಚೆನ್ನಾಗಿ ಗೊತ್ತು. ಅದು ತೀರಿಹೋದ ನಮ್ಮ ಅವ್ವ ಅಲ್ಲ, ಪಕ್ಕದ ಮನೆಯ ಅಂಬೂಬಾಯಿ. ಅವಳ ಗಂಡ ವಿಠ್ಠಲ ಕುಡಿದು ಬಂದಾಗಲೆಲ್ಲ ಅವಳು ನಮ್ಮ ಮನೆಗೆ ಓಡಿ ಬರುತ್ತಿದ್ದಳು. ಅವ್ವ ಅವಳನ್ನು ಗುಮ್ಮಿಯ ಹಿಂದೆ ಕೂಡಿಸಿ ರೊಟ್ಟಿ ಕೊಡುತ್ತಿದ್ದಳು, ಅಪ್ಪ ಬಾಗಿಲಲ್ಲಿ ನಿಂತು ವಿಠ್ಠಲನ ಬೈಗುಳ ತಿನ್ನುತ್ತಿದ್ದ. ಅಪ್ಪ ಒಂದು ದಿನವೂ ಅವನ ಮೇಲೆ ಕೈ ಎತ್ತಲಿಲ್ಲ, ಅವನಿಗೆ ದೇವರ ವಾಕ್ಯವನ್ನೂ ಹೇಳಲಿಲ್ಲ. ಬೆಳಗಾದ ಮೇಲೆ ಅವರ ಓಣಿಗೆ ಎಂದಿನಂತೆ ನೀರು ಬಿಟ್ಟು ಬರುತ್ತಿದ್ದ. ನಿನ್ನ ವಿಡಿಯೋ ಊರಿನಲ್ಲಿ ಹಬ್ಬಿದ ಮೇಲೆ ನಾನು ಹಲಬರ್ಗಾಕ್ಕೆ ಹೋದಾಗ ಅಂಬೂಬಾಯಿ ಕಟ್ಟೆಯ ಮೇಲೆ ಕೂತಿದ್ದಳು. ಎಪ್ಪತ್ತು ದಾಟಿದವಳು, ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದಳು. “ನಾ ಅನುಭವಿಸಿದ್ದು ಅವ ಯಾಕ ಹೇಳ್ಕೋತಾನವಾ? ನನ್ನ ದುಃಖ ಅವನಿಗಿ ಯಾರ ಕೊಟ್ರು?” ನಿನ್ನ ಹತ್ತಿರ ಉತ್ತರವಿದ್ದರೆ ಬಂದು ಅವಳಿಗೇ ಹೇಳು. ಹತ್ತು ಆಜ್ಞೆಗಳಲ್ಲಿ ಒಂಬತ್ತನೆಯದು ಸುಳ್ಳುಸಾಕ್ಷಿಯದು, ಎಂಟನೆಯದು ಕಳವಿನದು. ನೀನು ಒಂದೇ ಭಾಷಣದಲ್ಲಿ ಎರಡನ್ನೂ ಮುರಿದೆ.

ಬೀದರದ ನನ್ನ ಮನೆಯಲ್ಲಿ ಅಪ್ಪನಿಗೆ ಆ ವಿಡಿಯೋ ತೋರಿಸಬಾರದೆಂದು ನಾನು ಎಷ್ಟು ಕಾವಲು ಕಾದೆ ಗೊತ್ತೇ? ಚಿದ್ರಿಯ ಕಿರಾಣಿ ಅಂಗಡಿಯಲ್ಲಿ ಯಾರೋ ತೋರಿಸಿಯೇಬಿಟ್ಟರು. ಮನೆಗೆ ಬಂದವನು ಊಟ ಮಾಡಿದ, ಪ್ರಾರ್ಥನೆ ಮಾಡಿದ, ಮಲಗಿಕೊಂಡ. ನನಗೆ ಅಳು ಬಂತು, ಅವನಿಗೆ ಬರಲಿಲ್ಲ. ಅಕ್ಟೋಬರ್ ಮೊದಲ ಭಾನುವಾರ ಎಂದಿನಂತೆ ಇಬ್ಬರೂ ಹಲಬರ್ಗಾ ಸಭೆಗೆ ಹೋದೆವು. ಅಷ್ಟರಲ್ಲಿ ಎಲ್ಲರೂ ನೋಡಿ ಮುಗಿಸಿದ್ದರು. ಗಂಡಸರ ಚಾಪೆಯಲ್ಲಿ ಅಪ್ಪನ ಪಕ್ಕ ಜಾಗ ಖಾಲಿ ಬಿಟ್ಟು ಕೂತರು. ಸಾಕ್ಷಿಯ ಸಮಯ ಬಂದಾಗ ನಾನು ಹೆಣ್ಣುಮಕ್ಕಳ ಕಡೆಯಿಂದ ಎದ್ದು ನಿಂತೆ, ನಿನ್ನನ್ನು ಅಲ್ಲಿಯೇ ಬಯಲು ಮಾಡಬೇಕೆಂದು. ಅಪ್ಪ ನನಗಿಂತ ಮೊದಲು ಬಾಯಿ ತೆರೆದ. “ನನ್ನ ಮಗ ಹೇಳಿದ್ದು ಖರೇ ಅದ. ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ,” ಎಂದ. ಆಮೇಲೆ ಮುಂದೆ ನಡೆದು ಹೋಗಿ, ಸೊಂಟದಿಂದ ಬಟ್ಟಲುಗಳ ಪೆಟ್ಟಿಗೆಯ ಕೀಲಿ ಬಿಚ್ಚಿ ಬಲಿಪೀಠದ ಮೇಜಿನ ಮೇಲೆ ಇಟ್ಟ. ಆ ಸಣ್ಣ ಗಾಜಿನ ಬಟ್ಟಲುಗಳನ್ನು ನಲವತ್ತು ವರ್ಷ ಅವನೇ ತೊಳೆದವನು. ಕಮಿಟಿಯವರು ಬೇಡ ಅನ್ನುತ್ತಾರೆಂದು ನಾನು ಕಾದೆ. ಕುಡುಕನ ಕೈಯಲ್ಲಿ ಕರ್ತನ ಬಟ್ಟಲು ಇರಬಾರದಲ್ಲವೇ, ಕೀಲಿ ಎತ್ತಿಕೊಂಡರು. ಅವನ ಕೈಯ ರಸ ಕುಡಿದು ಬೆಳೆದವರು, ಒಬ್ಬರ ನಾಲಿಗೆಯೂ ಏಳಲಿಲ್ಲ. ನಿನ್ನ ಮೇಲಿರುವಷ್ಟೇ ಸಿಟ್ಟು ನನಗೆ ಅವರ ಮೇಲೂ ಇದೆ.

ಹೊರಗೆ ಹುಣಸೆಮರದ ಕೆಳಗೆ ಅಪ್ಪನನ್ನು ಹಿಡಿದು ನಿಲ್ಲಿಸಿ ಕೇಳಿದೆ, ನಿನಗೆ ತಲೆ ಕೆಟ್ಟಿದೆಯೇ ಎಂದು. ಜೀವಮಾನದಲ್ಲಿ ಅಪ್ಪನೊಂದಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವನು ಸಾವಕಾಶವಾಗಿ ಹೇಳಿದ. “ಅವನ ಮಾತ ಕೇಳಿ ಮಂದಿ ಕುಡಿಯೋದು ಬಿಟ್ಟಾರಂತ. ಅವ ಸುಳ್ಳ ಆದ್ರ ಅವರು ಮತ್ತ ಕುಡೀತಾರ. ನಂದೇನು, ನಾ ಮುದುಕ ಇದ್ದೇನಿ.” ಆ ಚಿಂತಾಕಿಯ ಹೆಣ್ಣುಮಗಳ ಗಂಡ ನಿನ್ನ ಸಾಕ್ಷಿ ಕೇಳಿ ನಿಜವಾಗಿಯೂ ಕುಡಿತ ಬಿಟ್ಟಿದ್ದಾನೆ, ನನ್ನ ಬಸ್ಸಿನಲ್ಲೇ ಈಗ ದಿನಾ ಇಟ್ಟಂಗಿ ಭಟ್ಟಿಯ ಕೆಲಸಕ್ಕೆ ಹೋಗುತ್ತಾನೆ. ಅದನ್ನು ಇಲ್ಲವೆನ್ನಲು ನನಗೆ ಬರುವುದಿಲ್ಲ. ದೇವರು ನಿನ್ನಂಥವನ ಬಾಯಿಂದಲೂ ಕೆಲಸ ತೆಗೆಸುತ್ತಾನೆ, ಅದು ಅವನ ದೊಡ್ಡತನ, ನಿನ್ನದಲ್ಲ. ಆದರೆ ಅದಕ್ಕೆ ಬೆಲೆ ತೆರುತ್ತಿರುವವನು ನೀನಲ್ಲ, ಚಿದ್ರಿಯ ನನ್ನ ಮನೆಯಲ್ಲಿ ಕೂತಿರುವ ಎಪ್ಪತ್ತೊಂಬತ್ತರ ಮುದುಕ. ಸಭೆಯಲ್ಲಿ ಬಾಯಿ ತೆರೆಯುವುದಿಲ್ಲವೆಂದು ಅವನು ನನ್ನಿಂದ ಭಾಷೆ ತೆಗೆದುಕೊಂಡ. ಕಾಗದ ಬರೆಯುವುದಿಲ್ಲವೆಂದು ಭಾಷೆ ತೆಗೆದುಕೊಂಡಿಲ್ಲ.

ಇಷ್ಟಕ್ಕೇ ಮುಗಿಯಿತೆಂದುಕೊಂಡೆಯಾ? ನವೆಂಬರಿನ ಭೋಜನದ ಭಾನುವಾರ ರೊಟ್ಟಿ ಬಂತು, ಬಟ್ಟಲು ಬಂತು. ಅಪ್ಪ ಏನನ್ನೂ ತೆಗೆದುಕೊಳ್ಳದೆ ತಟ್ಟೆಯನ್ನು ಪಕ್ಕದವರಿಗೆ ಸರಿಸಿದ. ಡಿಸೆಂಬರಿನಲ್ಲೂ ಹಾಗೆಯೇ, ಕ್ರಿಸ್ಮಸ್ ದಿನವೂ ಹಾಗೆಯೇ. ಕುಡುಕನಿಗೆ ಈಗಲಾದರೂ ಪಶ್ಚಾತ್ತಾಪವಾಯಿತಲ್ಲ ಎಂದು ಜನ ಮೆಚ್ಚಿಕೊಂಡರು, ನನಗೆ ಹಲ್ಲು ಕಚ್ಚಿ ದವಡೆ ನೋವು ಬಂತು. ಮನೆಗೆ ಬಂದು ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದರೆ ಹೇಳಿದ, “ದೇವರ ಮೇಜಿನ ಮುಂದ ನಿಂತು ಸುಳ್ಳ ಹೇಳೇನಿ. ಆ ಬಾಯಿಲೆ ಹ್ಯಾಂಗ ತಗೊಳ್ಳಿ?” ತಿಳಿಯಿತೇ ಉತ್ತಮ? ಸುಳ್ಳನ್ನು ಒಪ್ಪಿಕೊಳ್ಳದೆ ಅವನು ಬಟ್ಟಲು ಮುಟ್ಟುವುದಿಲ್ಲ. ಒಪ್ಪಿಕೊಂಡರೆ ಎಲ್ಲರ ಮುಂದೆ ನೀನು ಸುಳ್ಳನಾಗುತ್ತೀ, ಅದಕ್ಕೂ ಅವನು ತಯಾರಿಲ್ಲ. ಹೀಗೆ ಐದು ತಿಂಗಳಿಂದ ಅಪ್ಪ ಉಪವಾಸವಿದ್ದಾನೆ. ಅನ್ನದ ಉಪವಾಸವಾಗಿದ್ದರೆ ನಾನು ತುರುಕಿಯಾದರೂ ಉಣಿಸುತ್ತಿದ್ದೆ. ಪಾಸ್ಟರಿಗೆ ಇದನ್ನೆಲ್ಲ ನಾನೇ ಹೋಗಿ ಹೇಳಿದೆ. ಅವರು ಒಳ್ಳೆಯವರೇ, ಗಟ್ಟಿಯವರಲ್ಲ. ಅಪ್ಪ ಈ ಸುಳ್ಳಿನಿಂದ ತಾನಾಗಿ ಬಿಡಿಸಿಕೊಳ್ಳುವುದಿಲ್ಲ, ಉತ್ತಮನೇ ಬಂದು ಬಿಡಿಸಬೇಕು ಎಂದರು. ಜೊತೆಗೆ ನನ್ನ ಕಡೆ ತಿರುಗಿ, ತಮ್ಮನ ಮೇಲೆ ಇಷ್ಟು ಕಹಿ ಇಟ್ಟುಕೊಂಡು ನೀನೂ ಭೋಜನ ತೆಗೆದುಕೊಳ್ಳಬೇಡ, ಮೊದಲು ಅವನೊಂದಿಗೆ ಸಮಾಧಾನ ಮಾಡಿಕೋ ಎಂದರು. ಸಮಾಧಾನದ ಕಾಗದವೆಂದೇ ಇದನ್ನು ಶುರು ಮಾಡಿದ್ದು. ಪ್ರಾರ್ಥನೆ ಮಾಡಿಯೇ ಪೆನ್ನು ಹಿಡಿದೆ. ಬಂದದ್ದು ಇದು.

ಈಗ ಸಭೆಯಲ್ಲಿ ಅಪ್ಪನ ರಸದ ಬದಲು ಬಾಟಲಿಯ ಶರಬತ್ತು ಬಳಸುತ್ತಾರೆ, ಬೀದರದ ಅಂಗಡಿಯದು, ನೀರು ಬೆರೆಸಿದರೆ ಮುಗಿಯಿತು. ಜನವರಿಯಲ್ಲಿ ಜಹೀರೋದ್ದೀನ ಅಪ್ಪನನ್ನು ಮಾತಾಡಿಸಲು ಮನೆಗೆ ಬಂದಾಗ ನಾನು ಸಿಟ್ಟಿನಲ್ಲಿ ಇದನ್ನೆಲ್ಲ ಅವನ ಮುಂದೆ ಒದರಿದೆ. ಅವನಿಗೆ ನಮ್ಮ ಸಭೆಯ ಕಟ್ಟಳೆ ಏನು ಗೊತ್ತು? ಆದರೂ ಹೇಳಿದ, “ನರಸಿಂಗ ಕಾಕಾ ನಮ್ಮ ಓಣಿಗಿ ರಂಜಾನದಾಗ ಎಲ್ಲರಿಗಿಂತ ಮೊದಲ ನೀರ ಬಿಡ್ತಿದ್ದ. ಯಾರೂ ಕೇಳಿದ್ದಿಲ್ಲ.” ಅದನ್ನು ಕೇಳಿ ಅಪ್ಪ ಒಳಗೆ ಹೋಗಿ ಮಲಗಿಬಿಟ್ಟ. ಹೊಗಳಿಕೆಯೂ ಅವನಿಗೆ ಈಗ ಭಾರವಾಗುತ್ತಿದೆ.

ನಾನು ಕೇಳುವುದು ಒಂದೇ. ಇದೇ ಇಪ್ಪತ್ತೆಂಟನೇ ತಾರೀಖು ಗುರುವಾರ, ಶುಭಶುಕ್ರವಾರದ ಹಿಂದಿನ ಸಂಜೆ, ಹಲಬರ್ಗಾದಲ್ಲಿ ಕರ್ತನ ಭೋಜನವಿದೆ. ನೀನು ಬಾ. ಸಾಕ್ಷಿಯ ಸಮಯದಲ್ಲಿ ಎದ್ದು ನಿಲ್ಲು. ಅಪ್ಪ ಕುಡಿದಿಲ್ಲ, ನಾನು ಸುಳ್ಳು ಹೇಳಿದೆ ಎನ್ನು. ಇಷ್ಟೇ, ನಾಲ್ಕು ಮಾತು. ಅಳುವುದು ಬೇಡ, ಮೊಣಕಾಲೂರಿ ಬೀಳುವುದು ಬೇಡ, ಹಿಂದೆ ಕೀಬೋರ್ಡು ಬಾರಿಸುವವರು ಬೇಡ. ಕೀಲಿಯನ್ನು ಕಮಿಟಿಯವರಿಂದ ಇಸಿದುಕೊಂಡು ಅಪ್ಪನ ಕೈಯಲ್ಲಿ ಇಡು. ಕುಡಿಯುವುದನ್ನು ಬಿಟ್ಟವರು ಮತ್ತೆ ಕುಡಿದರೆ ಎಂದು ಕೇಳುತ್ತೀಯಾ? ಅವರಿಗೂ ಹೇಳು, ಒಬ್ಬ ಸುಳ್ಳನೂ ನಿಜ ಹೇಳುವಂತಾದನೆಂದು. ನಿನಗೆ ಜೀವನದಲ್ಲಿ ಮೊದಲ ಸಲ ಒಂದು ಖರೇ ಸಾಕ್ಷಿ ಸಿಗುತ್ತದೆ. ಬರುವುದಿಲ್ಲವಾದರೆ ನಾನು ಭಾಷೆ ಮುರಿದು ಆ ಸಂಜೆ ಎದ್ದು ನಿಲ್ಲುತ್ತೇನೆ, ನಿನ್ನ ಹೆಸರು ಹಿಡಿದು ಹೇಳುತ್ತೇನೆ, ಯಾರಾದರೂ ವಿಡಿಯೋ ಮಾಡಿಕೊಳ್ಳಲಿ. ಅಪ್ಪ ನನ್ನನ್ನು ಕ್ಷಮಿಸುವುದಿಲ್ಲ, ಪರವಾಗಿಲ್ಲ.

ಬೆಳಗಿನ ಪ್ರಾರ್ಥನೆಯಲ್ಲಿ ಅಪ್ಪ ಈಗಲೂ ಮೊದಲು ನಿನ್ನ ಹೆಸರನ್ನೇ ಹೇಳುತ್ತಾನೆ, ಆಮೇಲೆ ನನ್ನದು. ನಾನು ಅವನಿಗೆ ಗಂಜಿ ಕುಡಿಸುವವಳು, ನೀನು ಅವನ ಹೆಸರು ಕೆಡಿಸಿದವನು, ಸಾಲಿನಲ್ಲಿ ನೀನೇ ಮೊದಲು. ಇದಕ್ಕೂ ನನಗೆ ಸಿಟ್ಟಿದೆ, ಬರೆದುಬಿಟ್ಟಿದ್ದೇನೆ. ಸಪನಾಳಿಗೆ ನನ್ನ ವಂದನೆ ತಿಳಿಸು. ಕರ್ತನು ನಿನ್ನನ್ನು ಕಾಯಲಿ. ನನ್ನಿಂದ ಕಾಯಲಿ ಎಂದೇ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಅಕ್ಕ,
ಅನುಸೂಯಾಬಾಯಿ ನರಸಿಂಗ

ತಾ.ಕ.: ಮೇಲೆ ಅಪ್ಪ ಆರಾಮವಾಗಿದ್ದಾನೆಂದು ಬರೆದೆನಲ್ಲ, ಅದು ಸುಳ್ಳು. ಈ ಮನೆಯಲ್ಲಿ ಈಗ ಎಲ್ಲರಿಗೂ ಸುಳ್ಳು ರೂಢಿಯಾಗಿದೆ. ಹನ್ನೊಂದು ದಿನದಿಂದ ಹಾಸಿಗೆ ಹಿಡಿದಿದ್ದಾನೆ, ಕಾಲು ಬಾತಿವೆ, ಮನೆಯಲ್ಲೇ ಇಟ್ಟು ನೋಡಿಕೊಳ್ಳಿ ಎಂದು ಡಾಕ್ಟರು ನಿನ್ನೆ ಹೇಳಿ ಕಳಿಸಿದರು. ಇಪ್ಪತ್ತೆಂಟರ ತನಕ ಕಾಯುವುದಾಗುವುದಿಲ್ಲ. ಕಾಗದದ ಮೇಲಿನ ಭಾಗ ಬರೆದಿಟ್ಟು ಎದ್ದಾಗ ಪಾಸ್ಟರ್ ಕಾಶೀರಾಮ ಅವರು ಮನೆಗೇ ಭೋಜನ ತಂದರು. ರಸವನ್ನು ನಾನೇ ಮಾಡಿದ್ದೆ, ಆ ಧೋತರದಲ್ಲೇ ಸೋಸಿ. ಅಪ್ಪ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ನನ್ನನ್ನು ನೋಡಿ ನಕ್ಕ, ಎಷ್ಟು ಹೊತ್ತು ಕುದಿಸಿದಿ ಎಂದು ಕೇಳಿದ. ಆಮೇಲೆ ಕೆಳಗಿಟ್ಟು “ಉತ್ತಮ ಬರ್ಲಿ” ಎಂದು ಗೋಡೆಯ ಕಡೆ ಹೊರಳಿದ. ಜಹೀರೋದ್ದೀನನಿಗೆ ಈಗ ಪುಣೆ ರೂಟು, ಇವತ್ತು ರಾತ್ರಿ ಹೊರಡುತ್ತಾನೆ, ಕಾಗದವನ್ನು ಅವನೇ ನಿನ್ನ ಕೈಗೆ ಕೊಡುತ್ತಾನೆ. ನಾಳೆ ಸಂಜೆ ಪುಣೆಯಿಂದ ಅವನ ಬಸ್ಸು ಹಿಂದಿರುಗುತ್ತದೆ, ನಿನಗೆ ಸೀಟು ಹಿಡಿದಿಡಲು ಹೇಳಿದ್ದೇನೆ. ಪಾಸ್ಟರನ್ನೂ ಕಮಿಟಿಯವರನ್ನೂ ಇಲ್ಲಿಗೇ ಕರೆಸುತ್ತೇನೆ, ಅಂಬೂಬಾಯಿಯನ್ನೂ. ರಸ ಫ್ರಿಜ್ಜಿನಲ್ಲಿದೆ. ಮೂರು ದಿನ ತಡೆಯುತ್ತದೆ, ಆಮೇಲೆ ಹುಳಿಯುತ್ತದೆ, ನಿನಗೆ ಗೊತ್ತು. ಹುಳಿತದ್ದನ್ನು ಅಪ್ಪ ಮುಟ್ಟುವುದಿಲ್ಲ.